ಬಿಸಿಲುಂಡ ಟಾಪು: ತಾಡಪತ್ರಿಯಿಂದ ಥಾರ್‌ವರೆಗೆ

ಕೊಪ್ಪಳ ಸೀಮೆಯಲ್ಲಿ ಭತ್ತದ ರಾಶಿಯ ಮೇಲೆ ಹೊದಿಸುವ ಹಾಳೆಗೆ ತಾಡಪತ್ರಿ ಎನ್ನುತ್ತಾರೆ. ಕೆಲವರ ಬಾಯಲ್ಲಿ ಅದು ತಾಡಪಾಲು. ಪದ ಕೇಳಿದರೆ ತಾಳೆಗರಿಯ ನೆನಪಾಗುತ್ತದೆ, ಯಾವುದೋ ಹಳೆಯ ಓಲೆಗ್ರಂಥವೇ ಹಾಸಿಗೆಯಾಗಿದೆ ಎನ್ನಿಸುತ್ತದೆ. ಆದರೆ ಇದರ ಮೂಲ ಹಡಗುಕಟ್ಟೆಯಲ್ಲಿದೆ. ಹಾಯಿಹಡಗಿನವರು ದಪ್ಪ ಬಟ್ಟೆಗೆ ಟಾರು ಬಳಿದು ಸರಕಿನ ಮೇಲೆ ಮುಚ್ಚುತ್ತಿದ್ದರು. ಆ ಟಾರ್ಪಾಲಿನ್ ಬಾಯಿಂದ ಬಾಯಿಗೆ ದಾಟಿ, ಸಮುದ್ರ ಕಾಣದ ನಮ್ಮ ಊರುಗಳಿಗೆ ಬರುವಷ್ಟರಲ್ಲಿ ತಾಡಪತ್ರಿಯಾಯಿತು. ಪರದೇಶದ ವಸ್ತುವನ್ನು ನಮ್ಮದಾಗಿಸಿಕೊಳ್ಳುವ ಮೊದಲ ಕೆಲಸವನ್ನು ಯಾವಾಗಲೂ ನಾಲಿಗೆಯೇ ಮಾಡುತ್ತದೆ.

ಬಟ್ಟೆಯ ಟಾಪು ಇರುವ ಕಾರಿನ ಬಗ್ಗೆ ಬರೆಯಲು ಹೊರಟು ಭತ್ತದ ರಾಶಿಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು ಈಗ ಕಾರಟಗಿ ತಾಲ್ಲೂಕಿನಲ್ಲಿರುವ ಸಿದ್ದಾಪುರದಂಥ ಊರಿನಲ್ಲಿ ಮಡಚುವ ಟಾಪಿನ ವಿಲಾಸಿ ಕಾರು ಕಾಣುವುದು ಅಪರೂಪ. ಆದರೆ ತಲೆಯ ಮೇಲೆ ಬಟ್ಟೆ ಹೊದ್ದು ಓಡುವ ಗಾಡಿಗಳು ಇಲ್ಲಿ ಎಂದೂ ಕಡಿಮೆಯಾಗಿಲ್ಲ. ಬಂಡಿ ಇತ್ತು, ಜೀಪು ಬಂತು, ಆಟೋ ಬಂತು, ಟಂಟಂ ಬಂತು. ಈಚೆಗೆ ಥಾರ್ ಬಂದಿದೆ. ಎಲ್ಲಕ್ಕೂ ಒಂದೇ ಶತ್ರು, ಬಿಸಿಲು. ಬಣ್ಣ ಮಾಸಿದ ಟಾಪನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಈ ಗಾಡಿಗಳಿಗೆಲ್ಲ ಸೇರಿದ್ದು. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ಬಟ್ಟೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಬಂಡಿಯ ಕಮಾನು, ಕುರಿಯ ಕಂಬಳಿ

ಉತ್ತರ ಕರ್ನಾಟಕದಲ್ಲಿ ಜಾತ್ರೆಗೆ ಹೋಗುವ ಸವಾರಿ ಬಂಡಿಗೆ ಬಿದಿರು ಬಗ್ಗಿಸಿ ಕಮಾನು ಕಟ್ಟುತ್ತಿದ್ದರು. ಅದರ ಮೇಲೆ ತಟ್ಟಿ ಇಲ್ಲವೇ ಗುಡಾರ ಹೊದಿಸಿದರೆ ಒಳಗೆ ಹೆಂಗಸರು ಮಕ್ಕಳು ಕೂಡುವಷ್ಟು ನೆರಳು. ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ, ಕೊಪ್ಪಳದ ಗವಿಸಿದ್ಧೇಶ್ವರನ ತೇರಿಗೆ ಹೀಗೆ ಸಾಲುಗಟ್ಟಿ ಬಂಡಿಗಳು ಬರುತ್ತಿದ್ದವು. ಜಾತ್ರೆ ಮುಗಿದ ಮೇಲೆ ಗುಡಾರ ಬಿಚ್ಚಿ, ಕೊಡವಿ, ಮಡಚಿ ಅಟ್ಟಕ್ಕೆ ಏರಿಸುತ್ತಿದ್ದರು. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಟಾಪು ಎಂದರೆ ಇದೇ ಅಲ್ಲವೇ? ಅದರ ಆಯುಷ್ಯದ ಗುಟ್ಟೂ ಇಲ್ಲೇ ಇತ್ತು. ವರ್ಷದ ಬಹುಪಾಲು ಅದು ಬಿಸಿಲನ್ನೇ ಕಾಣುತ್ತಿರಲಿಲ್ಲ.

ಮಳೆಗೆ ಬೇರೆ ಹೊದಿಕೆ ಇತ್ತು, ಕಂಬಳಿ. ದಖ್ಖನಿ ಕುರಿಯ ಕರಿ ಉಣ್ಣೆಯಿಂದ ಕುರುಬರು ನೇಯ್ದ ಕಂಬಳಿಗೆ ಬಣ್ಣ ಹಾಕಬೇಕಾಗಿರಲಿಲ್ಲ. ಕಪ್ಪು ಅದರ ಎಳೆಯೊಳಗೇ ಇತ್ತು. ನೇಯುವ ಮೊದಲು ಹುಣಸೆ ಬೀಜದ ಗಂಜಿ ಸವರಿ ಎಳೆಗೆ ಬಿಗಿ ಕೊಡುತ್ತಿದ್ದರು. ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತ ಕುರಿಗಾಹಿಯ ಮೈಗೆ ನೀರು ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ವರ್ಷಗಟ್ಟಲೆ ಬಿಸಿಲು ಬಿದ್ದರೆ ಕರಿ ಉಣ್ಣೆಯೂ ಕಂದಾಗುತ್ತದೆ ನಿಜ, ಆದರೆ ಮೇಲೆ ಬಳಿದ ಬಣ್ಣದ ಹಾಗೆ ಬೇಗ ಹಾರಿಹೋಗುವುದಿಲ್ಲ. ಬಣ್ಣ ಎಳೆಯ ಮೇಲಿದೆಯೋ ಒಳಗಿದೆಯೋ ಎಂಬ ಈ ವ್ಯತ್ಯಾಸವನ್ನು ನೆನಪಿಡಿ. ಮುಂದೆ ಕೆಲಸಕ್ಕೆ ಬರುತ್ತದೆ.

ಹೊದಿಕೆಯ ಜಾಣತನ ಈ ಸೀಮೆಗೆ ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುವ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ಬಣ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವಂತೆ. ಅದೇ ಹರಗೋಲು ಇಂದಿಗೂ ತುಂಗಭದ್ರೆಯಲ್ಲಿದೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಅಸ್ಥಿಪಂಜರ ಉಳಿಸಿಕೊಂಡು ಚರ್ಮ ಬದಲಿಸುವ ಪದ್ಧತಿ ಮಾತ್ರ ಅದೇ. ಟಾಪು ಸರಿಮಾಡುವವರ ತತ್ವವೂ ಇದೇ ಆಗಿದೆ.

ಕುದುರೆಗಾಡಿಯಿಂದ ಮೋಟಾರಿಗೆ

ಯುರೋಪಿನಲ್ಲಿ ಮಡಚುವ ಟಾಪು ಕುದುರೆಗಾಡಿಗಳಲ್ಲಿ ಮೊದಲೇ ಇತ್ತು. ಮುಂಬಯಿಯ ಬೀದಿಗಳಲ್ಲಿ ಬಹುಕಾಲ ಓಡಿದ ವಿಕ್ಟೋರಿಯಾ ಗಾಡಿಯ ಹಿಂಬದಿಗೆ ಒರಗುವ ಟಾಪು ಆ ಜಾತಿಯದು. ಮೋಟಾರು ಬಂದಾಗ ಕಾರಿಗರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕುದುರೆ ಬಿಚ್ಚಿದ ಗಾಡಿಗೆ ಎಂಜಿನ್ ಕೂರಿಸಿದರು, ಟಾಪು ಹಾಗೆಯೇ ಉಳಿಯಿತು. ಹಾಗಾಗಿ ತೆರೆದ ಕಾರು ಎಂಬುದು ಶೋಕಿಯಾಗಿ ಹುಟ್ಟಿದ್ದಲ್ಲ. ಆಗ ಬಹುತೇಕ ಕಾರುಗಳು ಇದ್ದದ್ದೇ ಹಾಗೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಹೆಚ್ಚಾಗಿ ಬಟ್ಟೆಯ ಟಾಪಿನಲ್ಲೇ ಮಾರಾಟವಾಯಿತು. ಅಮೆರಿಕದಲ್ಲಿ 1919ರ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಕಾರು ತೆರೆದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಲೆಕೆಳಗಾಗಿ, ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ತಗಡಿನ ಮುಚ್ಚಳ ಬಂತು. ತಗಡು ಅಗ್ಗವಾದ ಮೇಲೆಯೇ ಬಟ್ಟೆಯ ಟಾಪು ಶ್ರೀಮಂತರ ಆಯ್ಕೆಯಾದದ್ದು. 1939ರಲ್ಲಿ ಪ್ಲಿಮತ್ ಕಂಪನಿ ಗುಂಡಿ ಒತ್ತಿದರೆ ತಾನೇ ಏಳುವ ಟಾಪು ತಂದಿತು. ಬಡತನದ ವಸ್ತು ಶೋಕಿಯ ವಸ್ತುವಾಗಲು ಮೂವತ್ತು ವರ್ಷ ಸಾಕಾಯಿತು.

ಈ ಬಟ್ಟೆಗೆ ನೀರು ತಡೆಯುವ ಗುಣ ಬಂದದ್ದು ರಬ್ಬರಿನಿಂದ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್, ಕರಗಿಸಿದ ರಬ್ಬರನ್ನು ಎರಡು ಪದರ ಬಟ್ಟೆಯ ನಡುವೆ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೇಸಿಗೆಯಲ್ಲಿ ಅದು ಜಿಗುಟಾಗುತ್ತಿತ್ತು, ಚಳಿಯಲ್ಲಿ ಸೆಟೆಯುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಹದಕ್ಕೆ ಬರುತ್ತದೆಂದು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಮೇಲೆ ಆ ತೊಂದರೆ ತಗ್ಗಿತು. ಹೊರಗೊಂದು ಬಟ್ಟೆ, ನಡುವೆ ರಬ್ಬರು, ಒಳಗೊಂದು ಹತ್ತಿಯ ಬಟ್ಟೆ: ಇಂದಿನ ಬೆಲೆಬಾಳುವ ಟಾಪುಗಳ ಒಳಗುಟ್ಟೂ ಇಷ್ಟೇ. ಹೊರಪದರ ಮಾತ್ರ ಬದಲಾಯಿತು. 1961ರಲ್ಲಿ ಅಮೆರಿಕದ ಗ್ಲೆನ್ ರೇವನ್ ಕಂಪನಿ ಸನ್‌ಬ್ರೆಲಾ ಎಂಬ ಅಕ್ರಿಲಿಕ್ ಬಟ್ಟೆ ತಂದಿತು. ಇದಕ್ಕೆ ನೇಯ್ದ ಮೇಲೆ ಬಣ್ಣ ಹಾಕುವುದಿಲ್ಲ. ಎಳೆ ಇನ್ನೂ ದ್ರವವಾಗಿರುವಾಗಲೇ ಬಣ್ಣ ಬೆರೆಸಿ ಆಮೇಲೆ ಎಳೆ ತೆಗೆಯುತ್ತಾರೆ. ಸಾಧಾರಣ ಬಟ್ಟೆ ಮೂಲಂಗಿಯಾದರೆ ಇದು ಗಜ್ಜರಿ, ಕೊಯ್ದರೂ ಒಳಗೆ ಅದೇ ಬಣ್ಣ. ನಮ್ಮ ಕರಿ ಕಂಬಳಿಯ ಕುರಿ ಹುಟ್ಟಿನಿಂದ ಮಾಡಿಕೊಂಡು ಬಂದದ್ದನ್ನು ಕಾರ್ಖಾನೆ ಇಲ್ಲಿ ಕಲಿತಂತಾಯಿತು.

ಕಾಲುವೆ, ಕ್ಯಾಂಪು, ಟಂಟಂ

ಸಿದ್ದಾಪುರದ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಎರಡೂ ದಡದಲ್ಲಿ ಅಡಿಗಲ್ಲು ಬಿತ್ತು. ಈ ದಡ ಹೈದರಾಬಾದಿನದು, ಆ ದಡ ಮದ್ರಾಸಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ನಿಧಾನವಾಗಿ ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲ ಕೊಂಡು ನೆಲೆಸಿದ ಊರುಗಳಿಗೆ ಇಂದಿಗೂ ಕ್ಯಾಂಪು ಎಂದೇ ಹೆಸರು. ಮನೆಗಳು ಆರ್‌ಸಿಸಿ ಆದವು, ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು, ಹೆಸರಿನಲ್ಲಿ ಮಾತ್ರ ಡೇರೆ ಉಳಿದುಕೊಂಡಿತು.

ಕಾಲುವೆಯ ಕಾಲ ಜೀಪಿನ ಕಾಲವೂ ಹೌದು. ಎರಡನೇ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪಿಗೆ ಕಬ್ಬಿಣದ ಕಮಾನು, ಕ್ಯಾನ್ವಾಸ್ ಹುಡ್ಡು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪನಿ ಅದನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿತು. ಸರ್ಕಾರಿ ಎಂಜಿನಿಯರು, ಗುತ್ತಿಗೆದಾರ, ದೊಡ್ಡ ರೈತ, ಎಲ್ಲರ ಗಾಡಿಯೂ ಅದೇ ಆಯಿತು. ಭಾರತದ ಹಳ್ಳಿಗಳು ಕಂಡ ಮೊದಲ ಟಾಪು ತೆಗೆಯುವ ಮೋಟಾರು ಬಹುಪಾಲು ಜೀಪೇ. ಚುನಾವಣೆ ಬಂದರೆ ಹುಡ್ಡು ಬಿಚ್ಚಿ ಮೈಕು ಕಟ್ಟುತ್ತಿದ್ದರು, ಮದುವೆ ಬಂದರೆ ಹುಡ್ಡು ಬಿಚ್ಚಿ ಹೂ ಕಟ್ಟುತ್ತಿದ್ದರು.

ಇನ್ನೊಂದು ಕವಲು ಇಟಲಿಯಿಂದ ಬಂತು. ಪಿಯಾಜಿಯೊ ಕಂಪನಿ 1948ರಲ್ಲಿ ಸ್ಕೂಟರಿಗೆ ಮೂರನೇ ಚಕ್ರ ಸೇರಿಸಿ ಆಪೆ ಎಂಬ ಗಾಡಿ ಮಾಡಿತು. 1959ರಲ್ಲಿ ಬಜಾಜ್‌ಗೆ ಸ್ಕೂಟರು, ಮೂರು ಚಕ್ರದ ಗಾಡಿ ತಯಾರಿಸುವ ಪರವಾನಗಿ ಸಿಕ್ಕಿತು. ಅಲ್ಲಿಂದ ಆಟೋರಿಕ್ಷಾ, ಅದರ ದೊಡ್ಡಣ್ಣನಾಗಿ ನಮ್ಮ ಕಡೆಯ ಟಂಟಂ. ಕಬ್ಬಿಣದ ಕೊಳವೆಗಳ ಮೇಲೆ ರೆಕ್ಸಿನ್ ಎಳೆದು ಕಟ್ಟಿದ ಟಾಪು. ನಾಟಿಯ ಕಾಲದಲ್ಲಿ ಬೆಳಗಿನ ಜಾವ ಹೆಣ್ಣಾಳುಗಳನ್ನು ಕ್ಯಾಂಪಿನಿಂದ ಕ್ಯಾಂಪಿಗೆ ಕರೆದೊಯ್ಯುವುದು ಇದೇ. ಮಧ್ಯಾಹ್ನ ಬುತ್ತಿ ಬಿಚ್ಚುವುದು ಇದರದೇ ನೆರಳಲ್ಲಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಿದು. ಇಲ್ಲಿ ಟಾಪು ಹರಿದರೆ ನಷ್ಟ ಅಂದಕ್ಕಲ್ಲ, ಅದರ ಕೆಳಗೆ ಕೂತವರ ಮೈಗೆ.

2020ರಲ್ಲಿ ಮಹೀಂದ್ರ ಹೊಸ ಥಾರ್ ತಂದಾಗ ಮಡಚುವ ಬಟ್ಟೆಯ ಟಾಪನ್ನೂ ಕೊಟ್ಟಿತು. ಜೀಪಿನ ಮೊಮ್ಮಗ ಅದು. ಅಜ್ಜನಿಗೆ ಅಗತ್ಯವಾಗಿದ್ದದ್ದು ಮೊಮ್ಮಗನಿಗೆ ಶೋಕಿಯಾಗಿದೆ. ಅಮೆರಿಕದಲ್ಲಿ ಹಿಂದೆ ನಡೆದ ಕಥೆ ಇಲ್ಲಿಯೂ ನಡೆಯಿತು.

ಬಣ್ಣ ಹಾರುವುದು ಏಕೆ

ಬಣ್ಣ ಎಂದರೆ ಬೆಳಕಿನ ಒಂದಿಷ್ಟು ಭಾಗವನ್ನು ನುಂಗಿ ಉಳಿದದ್ದನ್ನು ಹಿಂದಿರುಗಿಸುವ ಅಣುಗಳ ಜೋಡಣೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಆ ಜೋಡಣೆಯನ್ನು ಮುರಿಯುವಷ್ಟು ಕಸುವಿದೆ. ಗಾಳಿಯ ಆಮ್ಲಜನಕ, ತೇವ, ಸೆಕೆ ಅದಕ್ಕೆ ಕೈಜೋಡಿಸುತ್ತವೆ. ಬಣ್ಣ ಎಷ್ಟು ತಾಳುತ್ತದೆ ಎಂದು ಅಳೆಯಲು ಜವಳಿ ಪ್ರಯೋಗಾಲಯಗಳಲ್ಲಿ ನೀಲಿ ಉಣ್ಣೆಯ ಎಂಟು ಪಟ್ಟಿಗಳನ್ನು ಬಳಸುತ್ತಾರೆ. ಒಂದನೆಯದು ಬಲು ಬೇಗ ಮಾಸುತ್ತದೆ, ಎಂಟನೆಯದು ಬಲು ನಿಧಾನ. ಒಂದೊಂದು ಮೆಟ್ಟಿಲು ಏರಿದಂತೆ ತಾಳಿಕೆ ಸುಮಾರು ಇಮ್ಮಡಿ. ಪರೀಕ್ಷೆಯ ಬಟ್ಟೆಯನ್ನು ಈ ಪಟ್ಟಿಗಳ ಪಕ್ಕ ಬೆಳಕಿಗಿಟ್ಟು, ಅದು ಯಾರ ಜೊತೆ ಮಾಸಿತು ಎಂದು ನೋಡಿದರೆ ಅದರ ದರ್ಜೆ ತಿಳಿಯುತ್ತದೆ.

ಆದರೆ ಬಿಸಿಲು ತಿನ್ನುವುದು ಬಣ್ಣವನ್ನಷ್ಟೇ ಅಲ್ಲ, ಎಳೆಯನ್ನೂ ತಿನ್ನುತ್ತದೆ. ಹತ್ತಿ ಜಾಳಾಗುತ್ತದೆ, ನೈಲಾನ್ ಇನ್ನೂ ಬೇಗ ಸೋಲುತ್ತದೆ. ರಾಶಿಯ ಮೇಲಿನ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಕೆಲವೇ ಬೇಸಿಗೆಯಲ್ಲಿ ಪೆಡಸಾಗಿ ಪುಡಿಪುಡಿಯಾಗಿ ಉದುರುವುದನ್ನು ರೈತರೆಲ್ಲ ನೋಡಿದ್ದಾರೆ. ಟಾಪಿನಲ್ಲಿ ಮೊದಲು ಸೋಲುವುದು ಹೊಲಿಗೆಯ ದಾರ. ಬಟ್ಟೆ ಗಟ್ಟಿಯಿದ್ದರೂ ಹೊಲಿಗೆ ಬಿಟ್ಟು ನೀರು ಒಳಗಿಳಿಯುತ್ತದೆ. ಹಾಗಾಗಿ ಮಾಸಿದ ಬಣ್ಣವನ್ನು ಕುರೂಪವೆಂದು ನೋಡುವುದಕ್ಕಿಂತ ಎಚ್ಚರಿಕೆಯೆಂದು ನೋಡುವುದು ಲೇಸು. ಹೊಲಿಗೆ ನೋಡದೆ ಮೇಲೆ ಕಪ್ಪು ಬಳಿದುಬಿಟ್ಟರೆ ಆ ಎಚ್ಚರಿಕೆಯನ್ನೇ ಅಳಿಸಿದಂತೆ.

ಎರೆಮಣ್ಣಿನ ಧೂಳು ಇನ್ನೊಂದು ಕಾಟ. ಮಡಿಕೆಯಲ್ಲಿ ಕೂತ ಧೂಳು ಗಾಡಿ ಅಲ್ಲಾಡಿದಾಗಲೆಲ್ಲ ಉಜ್ಜುಕಾಗದದ ಕೆಲಸ ಮಾಡುತ್ತದೆ. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು. ಹಕ್ಕಿಯ ಹಿಕ್ಕೆಯನ್ನು ಬಿಸಿಲಿಗೆ ಬಿಟ್ಟರೆ ಅಲ್ಲೊಂದು ಕಲೆ ಖಾಯಂ.

ಉಳಿಸಿಕೊಳ್ಳುವ ಬಗೆ

ಗಂಗಾವತಿಯಲ್ಲಾಗಲಿ ಕಾರಟಗಿಯಲ್ಲಾಗಲಿ ರಸ್ತೆ ಬದಿಯ ಕುಶನ್ ಅಂಗಡಿಯವರಿಗೆ ಇದೆಲ್ಲ ಕೈಯ ತಿಳಿವಳಿಕೆ. ಗಾದಿ ಹೊಲಿಯುವ ಪಿಂಜಾರರ ಕಸುಬು, ಡೇರೆ ಹೊಲಿಯುವವರ ಕಸುಬು, ದರ್ಜಿಯ ಕಸುಬು, ಮೂರೂ ಕೂಡುವ ಜಾಗ ಅದು. ಅವರು ಮೊದಲು ಬಣ್ಣ ನೋಡುವುದಿಲ್ಲ. ಹೊಲಿಗೆಯ ಎರಡೂ ಬದಿ ಹಿಡಿದು ಎಳೆದು ನೋಡುತ್ತಾರೆ. ದಾರ ಪಟಕ್ಕೆಂದರೆ ಮೊದಲು ಹೊಲಿಗೆ, ಆಮೇಲೆ ಉಳಿದದ್ದು. ಬಿಸಿಲು ತಾಳುವ ಪಾಲಿಯೆಸ್ಟರ್ ದಾರದಲ್ಲಿ, ಸಾಧ್ಯವಾದಷ್ಟೂ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಬೇಕು. ಹೊಸ ತೂತೆಂದರೆ ನೀರಿಗೆ ಹೊಸ ದಾರಿ.

ತೊಳೆಯುವ ಮುನ್ನ ಒಣ ಧೂಳು ತೆಗೆಯಬೇಕು. ಮೆತ್ತನೆ ಬ್ರಷ್ಷಿನಲ್ಲಿ ನೇಯ್ಗೆಯ ದಿಕ್ಕಿಗೇ ಗುಡಿಸಬೇಕು, ಅಡ್ಡ ಉಜ್ಜಬಾರದು. ಒಣಗಿದ ಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು. ತೊಳೆಯುವುದು ನೆರಳಿನಲ್ಲಿ, ಉಗುರುಬೆಚ್ಚನೆ ನೀರು, ಸೌಮ್ಯ ಸಾಬೂನು. ಬ್ಲೀಚಿಂಗ್ ಪುಡಿ ಬೇಡ, ಅದು ಬೂಷ್ಟಿನ ಜೊತೆ ದಾರವನ್ನೂ ಕೊಲ್ಲುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಹತ್ತಿರ ಹಿಡಿದರೆ ಎಳೆ ಸರಿದು ಬಟ್ಟೆ ಜಾಳಾಗುತ್ತದೆ. ಕೊನೆಗೆ ಸಾಬೂನಿನ ಅಂಶ ಪೂರ್ತಿ ಹೋಗುವವರೆಗೆ ನೀರು ಹಾಯಿಸಬೇಕು. ಇದು ಚಿಕ್ಕದೆಂದು ಕಂಡರೂ ಮುಖ್ಯ. ಸಾಬೂನಿನ ಗುಣವೇ ನೀರನ್ನು ಬಟ್ಟೆಯೊಳಗೆ ಎಳೆಯುವುದು. ಅದು ಉಳಿದರೆ ಮೇಲೆ ಹಚ್ಚುವ ನೀರುತಡೆ ಹಿಡಿಯುವುದಿಲ್ಲ.

ಒಂದು ಇಡೀ ದಿನ ಒಣಗಿದ ಮೇಲೆ ಬಣ್ಣ. ಗಾಜಿಗೂ ಬಾಡಿಗೂ ಟೇಪು ಹಚ್ಚಿ, ಬಟ್ಟೆಗೆಂದೇ ಮಾಡಿದ ಬಣ್ಣವನ್ನು ಎರಡು ತೆಳು ಕೈ ಹೊಡೆಯಬೇಕು. ಒಂದು ದಪ್ಪ ಕೈ ಹೊಡೆದರೆ ಮಡಚಿದಲ್ಲಿ ಬಿರುಕು ಬಿಡುತ್ತದೆ. ಕಪ್ಪಾಗಲಿ ಎಂದು ಗ್ಯಾರೇಜಿನ ಹಳೆ ಎಣ್ಣೆ ಸವರುವ ಚಾಳಿಯೊಂದಿದೆ. ನಾಲ್ಕು ದಿನ ಮಿರಮಿರ ಮಿಂಚುತ್ತದೆ ನಿಜ. ಆದರೆ ಖನಿಜ ತೈಲ ತಗುಲಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ನಡುಪದರ ಬಿಟ್ಟುಕೊಳ್ಳುತ್ತದೆ. ಆಟೋದ ರೆಕ್ಸಿನ್ನಿಗೆ ಮಾತ್ರ ಈ ಬಣ್ಣವೂ ಬೇಡ, ಬಟ್ಟೆಯ ನೀರುತಡೆಯೂ ಬೇಡ. ಅದು ಪ್ಲಾಸ್ಟಿಕ್ ಮೈ. ತೊಳೆದು ಒರೆಸಿ ನೆರಳಿಗೆ ನಿಲ್ಲಿಸಿದರೆ ಅದಕ್ಕೆ ಅದೇ ಔಷಧ.

ಕೊನೆಯದು ನೀರುತಡೆ. ಹಳೆಯ ಕಾಲಕ್ಕೆ ಮೇಣ, ಅಗಸೆ ಎಣ್ಣೆ ಇದ್ದವು. ಆಮೇಲೆ ಫ್ಲೋರಿನ್ ಇರುವ ದ್ರಾವಣಗಳು ಬಂದವು. ಹನಿ ಬಿದ್ದರೆ ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಗುತ್ತಿತ್ತು. ಆದರೆ ಆ ಕುಟುಂಬದ ಕೆಲವು ರಾಸಾಯನಿಕಗಳು ನೀರಿನಲ್ಲಿ, ಮೈಯಲ್ಲಿ ಕರಗದೆ ಉಳಿಯುತ್ತವೆಂದು ತಿಳಿದು, 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ ಎಂಬವನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಕಾಲುವೆಯ ನೀರು ಕುಡಿಯುವ ಸೀಮೆಯವರು ಈ ಮಾತಿಗೆ ಕಿವಿಗೊಡಲೇಬೇಕು. ಫ್ಲೋರಿನ್ ಇಲ್ಲದ ನೀರುತಡೆ ಸಿಗುತ್ತದೆ. ಸ್ವಲ್ಪ ಬೇಗ ಸವೆಯುತ್ತದೆ, ಮತ್ತೆ ಹಚ್ಚಿದರಾಯಿತು. ಮೇಲೆ ನಾಲ್ಕು ಹನಿ ಚಿಮುಕಿಸಿ ನೋಡಿ. ಹನಿ ಉರುಳಿದರೆ ಸರಿ, ಹೀರಿದರೆ ಮತ್ತೆ ಹಚ್ಚುವ ಹೊತ್ತಾಯಿತು.

ಹಳೆಯ ಕಾರುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಕಾರುಗಳನ್ನು ಕಾಪಿಟ್ಟಿದ್ದಾರೆ. ಅಂಥ ಕಾರಿನ ಮೂಲ ಬಟ್ಟೆ ಉಳಿದಿದ್ದರೆ ಅದನ್ನು ಹೊಸದಾಗಿ ಕಾಣಿಸಬೇಕೋ, ಮಾಸಿದ್ದನ್ನು ಮಾಸಿದಂತೆ ಕಾಪಾಡಬೇಕೋ? ಸಂರಕ್ಷಣೆಯವರ ಒಲವು ಎರಡನೆಯದರ ಕಡೆಗೆ. ಮುಂದೆ ಬಿಚ್ಚಲಾಗದ ಯಾವುದನ್ನೂ ಹಚ್ಚಬೇಡ ಎಂಬುದು ಅವರ ಮೊದಲ ಪಾಠ. ದಿನವೂ ಓಡುವ ಗಾಡಿಗೆ ಆ ಪಾಠ ಒಗ್ಗುವುದಿಲ್ಲ. ಅದರ ಬಟ್ಟೆ ನೆನಪಿಗೆ ಇರುವುದಲ್ಲ, ನೆರಳಿಗೆ ಇರುವುದು.

ನೆರಳಿಗೂ ನೆರಳು

ಇಷ್ಟೆಲ್ಲ ಔಷಧಗಳಿಗಿಂತ ದೊಡ್ಡ ಔಷಧ ಯಾವುದೆಂದು ಕೊಪ್ಪಳದ ಬಂಡೆಗಳೇ ತೋರಿಸುತ್ತವೆ. ಅಲ್ಲಿ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು ಅಶೋಕನ ಶಾಸನವಿದೆ. 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ ಶಾಸನದ ಮೇಲೆ ಬಂಡೆಯೊಂದು ಕೊಡೆಯಂತೆ ಚಾಚಿಕೊಂಡಿದೆ, ಅಕ್ಷರಗಳು ಎರಡು ಸಾವಿರದ ಇನ್ನೂರು ವರ್ಷ ದಾಟಿಯೂ ಓದಲು ಬರುತ್ತವೆ. ಪಾಲ್ಕಿಗುಂಡಿನದು ಅಷ್ಟು ಪುಣ್ಯ ಮಾಡಿಲ್ಲ, ಬಹಳ ಸವೆದಿದೆ. ಹೊಳೆಯಾಚೆ ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಸಾಗುವ ಚಿತ್ರವಿದೆ. ಅದರ ಬಣ್ಣ ಇನ್ನೂ ಕಾಣುತ್ತಿರುವುದು ಅದು ಚಾವಣಿಯ ಒಳಮೈಗೆ ಇರುವುದರಿಂದ. ಬಿಸಿಲು ತಾಗದ ಕಡೆ ಕಲ್ಲೂ ಬಾಳುತ್ತದೆ, ಬಣ್ಣವೂ ಬಾಳುತ್ತದೆ.

ಗುಡಾರವನ್ನು ಅಟ್ಟಕ್ಕೆ ಏರಿಸುತ್ತಿದ್ದವರಿಗೆ ಇದು ಗೊತ್ತಿತ್ತು. ಮನೆಯ ಮುಂದೆ ಬೇವಿನ ಮರವಿದ್ದರೆ ಅದರಡಿ, ಇಲ್ಲವೇ ತಗಡಿನ ಶೆಡ್ಡಿನಡಿ ಗಾಡಿ ನಿಲ್ಲಿಸಿದರೆ ಟಾಪಿನ ಆಯುಷ್ಯ ಯಾವ ಬಾಟಲಿಯ ಔಷಧಕ್ಕಿಂತಲೂ ಹೆಚ್ಚಾಗುತ್ತದೆ. ಮರದಡಿ ಹಕ್ಕಿಯ ಕಾಟವಿದ್ದರೆ ಗಾಳಿಯಾಡುವ ಹತ್ತಿ ಬಟ್ಟೆಯೊಂದನ್ನು ಮೇಲೆ ಹೊದಿಸಿದರೆ ಸಾಕು. ಥಾರ್ ಇಟ್ಟುಕೊಂಡವರಿಗೆ ಅದು ಕಷ್ಟವಲ್ಲ. ಆದರೆ ಟಂಟಂ ಓಡಿಸುವವನು ಹಗಲೆಲ್ಲ ಬಸ್ ನಿಲ್ದಾಣದ ಬಟಾಬಯಲಿನಲ್ಲಿ ಪಾಳಿಗಾಗಿ ಕಾಯಬೇಕು. ಅವನ ಟಾಪಿಗೆ ನೆರಳು ಕೊಡುವುದು ಅವನೊಬ್ಬನ ಕೈಯಲ್ಲಿಲ್ಲ. ಆಟೋ ನಿಲ್ದಾಣಕ್ಕೆ ಒಂದು ಚಪ್ಪರವೋ ನಾಲ್ಕು ಹೊಂಗೆ ಮರವೋ ಇದ್ದರೆ ಹೊಸ ರೆಕ್ಸಿನ್ನಿನ ಖರ್ಚು ಒಂದೆರಡು ವರ್ಷ ಮುಂದೆ ಹೋಗುತ್ತದೆ, ಕೆಳಗೆ ಕೂತ ಹೆಣ್ಣಾಳುಗಳ ತಲೆಯೂ ತಣ್ಣಗಿರುತ್ತದೆ. ಪಂಚಾಯಿತಿಯವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು.